ಬಸವಪ್ಪಶಾಸ್ತ್ರಿಗಳ ಕಾಮಂದಕಿಯೂ ಮಂಡ್ಯ ಸೀಮೆಯ ರಂಗಸ್ಥಲವೂ

ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮೂರು ತಾಲ್ಲೂಕುಗಳ ಗ್ರಾಮಗಳಲ್ಲಿ ನಾಟಕವು ಕೇವಲ ವಿನೋದಸಾಧನವಲ್ಲ. ಅದು ಹಬ್ಬದ ಅಂಗವೇ ಆಗಿರುವುದು. ಕಣದ ಕೆಲಸ ಮುಗಿದು, ಕಬ್ಬಿನ ಹಣ ಕೈಸೇರಿ, ಊರದೇವರ ಜಾತ್ರೆ ಸಮೀಪಿಸಿತೆಂದರೆ ಗುಡಿಯ ಮುಂದಣ ಬಯಲಿನಲ್ಲಿ ಚಪ್ಪರವೇಳುವುದು, ಬಣ್ಣದ ಪರದೆಗಳು ಇಳಿಯುವುವು, ಹಾರ್ಮೋನಿಯಂ ಮೇಷ್ಟರು ಶ್ರುತಿ ಹಿಡಿಯುವರು; ಕುರುಕ್ಷೇತ್ರವೋ ರಾಜಸೂಯವೋ ಕೋಳಿ ಕೂಗುವವರೆಗೆ ನಡೆಯುವುದು. ಹಗಲೆಲ್ಲ ನೇಗಿಲು ಹಿಡಿದ ಕೈ ರಾತ್ರಿ ಗದೆ ಹಿಡಿಯುವುದನ್ನು ಈ ಸೀಮೆಯವರು ಆಶ್ಚರ್ಯವೆಂದು ಎಣಿಸರು.

ಇಂತಹ ರಂಗಸ್ಥಲದ ಮೇಲೆ ವೃದ್ಧಸ್ತ್ರೀಗೆ ದೊರೆತಿರುವ ಸ್ಥಾನವಾವುದೆಂದು ವಿಚಾರಿಸಿದರೆ ಎರಡೇ ಅಚ್ಚುಗಳು ಕಾಣಬರುವುವು. ಒಂದು, ಮಗನಿಗಾಗಿ ಕಣ್ಣೀರಿಡುವ ತಾಯಿ. ಮತ್ತೊಂದು, ನೆರೆದವರನ್ನು ನಗಿಸುವುದಕ್ಕಾಗಿ ಕೋಲೂರಿ ಬರುವ ಮುದುಕಿ. ಈ ಎರಡನೆಯವಳಿಗೆ ಸ್ವಲ್ಪ ಬುದ್ಧಿಯನ್ನೂ ಮಾತಿನ ಚಮತ್ಕಾರವನ್ನೂ ಕೊಟ್ಟು ಕಥೆಯಲ್ಲಿ ಕೆಲಸವನ್ನು ವಹಿಸಿದರೆ ಅವಳು ಕೂಡಲೇ ಕುಂಟಣಿಯಾಗಿಬಿಡುವಳು. ಮುಪ್ಪಿನ ಹೆಂಗಸು ಎರಡು ಮನೆಗಳ ನಡುವೆ ಮಾತು ಹೊತ್ತು ತಿರುಗಿದಳೆಂದರೆ ಅದು ಹಣಕ್ಕಾಗಿಯೇ ಎಂದು ಪ್ರೇಕ್ಷಕರು ಮೊದಲೇ ತೀರ್ಮಾನಿಸಿರುವರು. ಬೈಲಹೊಂಗಲದ ಕಡೆಯ ಸಂಗ್ಯಾ ಬಾಳ್ಯಾ ಎಂಬ ಸಣ್ಣಾಟದ ಪಾರಮ್ಮ ಈ ಬಗೆಯವಳು. ಸಂಗ್ಯಾನ ಪರವಾಗಿ ಗಂಗಿಯ ಬಳಿಗೆ ಹೋದ ಆ ಮುದುಕಿಯನ್ನು ಕಂಡೊಡನೆ ಜನರು ಅವಳ ಹೆಜ್ಜೆಯಲ್ಲೇ ಅನರ್ಥವನ್ನು ಊಹಿಸುವರು. ಕಾವ್ಯಗಳ ವೇಶ್ಯಾವಾಟಿಕೆಯ ವರ್ಣನೆಗಳೂ ಇದೇ ಅಭಿಪ್ರಾಯವನ್ನು ಶತಮಾನಗಳಿಂದ ಪೋಷಿಸುತ್ತ ಬಂದಿವೆ.

ಆದರೆ ಈ ಎರಡು ಅಚ್ಚುಗಳಲ್ಲಿ ಯಾವುದಕ್ಕೂ ಹೊಂದದ ಒಬ್ಬ ವೃದ್ಧೆಯನ್ನು ಕನ್ನಡದ ರಂಗಸ್ಥಲಕ್ಕೆ ಕರೆತಂದ ಕೀರ್ತಿ ವೀರಶೈವ ಪಂಡಿತರೊಬ್ಬರಿಗೆ ಸಲ್ಲತಕ್ಕದ್ದಾಗಿದೆ. ಅವರು ಅಭಿನವ ಕಾಳಿದಾಸರೆಂದು ಬಿರುದಾಂಕಿತರಾದ ಬಸವಪ್ಪಶಾಸ್ತ್ರಿಗಳು. ಆ ವೃದ್ಧೆ, ಮಾಲತೀಮಾಧವದ ಕಾಮಂದಕಿ.

ಶಾಸ್ತ್ರಿಗಳು 1843ರಲ್ಲಿ ಜನಿಸಿ, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನದ ಆಶ್ರಯದಲ್ಲಿ ಬೆಳೆದು, ಎಳೆಯ ವಯಸ್ಸಿನಲ್ಲಿಯೇ ಉಭಯಭಾಷಾ ಪಾಂಡಿತ್ಯವನ್ನು ಸಂಪಾದಿಸಿ, 1891ರಲ್ಲಿ ಲಿಂಗೈಕ್ಯರಾದರು. ಮೈಸೂರು ಸಂಸ್ಥಾನದ ಗೀತವಾದ ಕಾಯೌ ಶ್ರೀಗೌರಿಯನ್ನು ರಚಿಸಿದವರು ಇವರೇ ಎಂಬುದನ್ನು ಭಕ್ತಮಹಾಶಯರು ಬಲ್ಲರು. 1881ರಲ್ಲಿ ರಾಜ್ಯವು ಚಾಮರಾಜೇಂದ್ರ ಒಡೆಯರ ಕೈಗೆ ಮರಳಿ ಬಂದ ದಿನಗಳಲ್ಲಿ ಅರಮನೆಯ ಪ್ರೋತ್ಸಾಹದಿಂದ ಶ್ರೀ ಚಾಮರಾಜೇಂದ್ರ ಕರ್ನಾಟಕ ನಾಟಕ ಸಭೆಯು ಹುಟ್ಟಿತು. ಸಭೆ ಹುಟ್ಟಿತೇ ಹೊರತು ಆಡಲು ಕನ್ನಡದಲ್ಲಿ ನಾಟಕಗಳೇ ಇರಲಿಲ್ಲ. ಅದಕ್ಕೆ ಇನ್ನೂರು ವರ್ಷಗಳ ಹಿಂದೆ ಶ್ರೀರಂಗಪಟ್ಟಣದಲ್ಲಿ, ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಸಿಂಗರಾರ್ಯನು ಹರ್ಷನ ರತ್ನಾವಳಿಯನ್ನು ಅನುಸರಿಸಿ ಮಿತ್ರವಿಂದಾಗೋವಿಂದವೆಂಬ ನಾಟಕವನ್ನು ಬರೆದಿದ್ದನು; ಈಗ ದೊರೆಯುವ ಕನ್ನಡ ನಾಟಕಗಳಲ್ಲಿ ಅದೇ ಮೊದಲನೆಯದು. ಅದೂ ಅಂತಃಪುರದ ಉದ್ಯಾನವನ್ನು ಬಿಟ್ಟು ಹೊರಗೆ ಬಂದದ್ದಲ್ಲ. ಆದಕಾರಣ ಶಾಸ್ತ್ರಿಗಳೇ ಲೇಖನಿ ಹಿಡಿದು ಶಾಕುಂತಲ, ವಿಕ್ರಮೋರ್ವಶೀಯ, ರತ್ನಾವಳಿ, ಚಂಡಕೌಶಿಕ, ಉತ್ತರರಾಮಚರಿತ, ಮಾಲತೀಮಾಧವಗಳನ್ನು ಕನ್ನಡಕ್ಕೆ ತಂದರು. ಆಂಗ್ಲ ಕವಿ ಷೇಕ್ಸ್‌ಪಿಯರನ ಒಥೆಲೋವನ್ನು ಸಹ ಶೂರಸೇನ ಚರಿತೆಯೆಂಬ ಹೆಸರಿನಿಂದ ಕನ್ನಡದ ಉಡುಪಿನಲ್ಲಿ ನಿಲ್ಲಿಸಿದರು. ಇವುಗಳಲ್ಲಿ ಶಾಕುಂತಲದ ಕೀರ್ತಿಯು ಹಿರಿದಾಗಿ ಉಳಿದವುಗಳನ್ನು ಮರೆಮಾಡಿತು. ಮಾಲತೀಮಾಧವವು ಮರೆಯಲ್ಲಿ ಉಳಿಯತಕ್ಕ ಕೃತಿಯಲ್ಲ.

ಎಂಟನೆಯ ಶತಮಾನದ ಭವಭೂತಿಯ ಈ ಪ್ರಕರಣದ ಕಥಾಶರೀರವು ಹೀಗಿದೆ. ಪದ್ಮಾವತೀ ನಗರದ ಅಮಾತ್ಯ ಭೂರಿವಸು, ವಿದರ್ಭದ ಅಮಾತ್ಯ ದೇವರಾತ, ಇವರಿಬ್ಬರೂ ವಿದ್ಯಾರ್ಥಿದಶೆಯಲ್ಲಿ ಸಹಪಾಠಿಗಳು. ತಮಗೆ ಮಕ್ಕಳಾದರೆ ಪರಸ್ಪರ ಸಂಬಂಧ ಬೆಳೆಸುವೆವೆಂದು ಅವರು ಅಂದು ಮಾಡಿದ ಪ್ರತಿಜ್ಞೆಗೆ ಸಾಕ್ಷಿಯಾಗಿದ್ದವಳು ಕಾಮಂದಕಿ. ಅವಳ ಶಿಷ್ಯೆ ಸೌದಾಮಿನಿಯೂ ಆಗ ಅಲ್ಲಿದ್ದಳು. ಕಾಲಕ್ರಮದಲ್ಲಿ ಭೂರಿವಸುವಿಗೆ ಮಾಲತಿ, ದೇವರಾತನಿಗೆ ಮಾಧವ ಹುಟ್ಟಿದರು. ಅಷ್ಟರಲ್ಲಿ ಪದ್ಮಾವತಿಯ ಅರಸನು ತನ್ನ ನರ್ಮಸಚಿವನಾದ ನಂದನನಿಗೆ ಮಾಲತಿಯನ್ನು ಕೊಡಿಸಬೇಕೆಂದು ಕೇಳಿದನು. ಮಂತ್ರಿಯಾದವನು ಅರಸನಿಗೆ ಇಲ್ಲವೆನ್ನಲಾರನು. ಭೂರಿವಸು ಕೊಟ್ಟ ಉತ್ತರವು ಎರಡಂಚಿನ ಕತ್ತಿ: ತನ್ನ ಕನ್ಯೆಯ ವಿಷಯದಲ್ಲಿ ದೊರೆಗೆ ಅಧಿಕಾರವುಂಟೆಂದನು. ಯಾರ ಕನ್ಯೆ? ದೊರೆಯ ಸ್ವಂತ ಮಗಳೇ, ಮಂತ್ರಿಯ ಮಗಳೇ? ಅರಸನು ತನಗೆ ಬೇಕಾದ ಅರ್ಥವನ್ನು ತೆಗೆದುಕೊಂಡು ಸಂತುಷ್ಟನಾದನು. ತಂದೆಯು ಮಾತಿನ ಹಿಂದೆ ಅಡಗಿಕೊಂಡನು. ಪ್ರತಿಜ್ಞೆಯನ್ನು ಉಳಿಸುವ ಭಾರವೆಲ್ಲ ಸಾಕ್ಷಿಯಾಗಿದ್ದ ಆ ಮುದುಕಿಯ ಹೆಗಲ ಮೇಲೆ ಬಿದ್ದಿತು.

ಕಾಮಂದಕಿಯು ಬೌದ್ಧ ಪರಿವ್ರಾಜಿಕೆ; ಜರತಿ, ಅಂದರೆ ಹಣ್ಣಾದ ಮುದುಕಿ ಎಂದು ಪ್ರಸ್ತಾವನೆಯಲ್ಲಿಯೇ ಕವಿಯು ಹೇಳಿಸಿರುವನು. ಕಾಷಾಯ ಧರಿಸಿದವಳಿಗೆ ಮದುವೆಯ ಮಾತೇಕೆ? ಗೋಪ್ಯವಾಗಿ ತರುಣ ತರುಣಿಯರನ್ನು ಒಟ್ಟುಗೂಡಿಸುವುದೇಕೆ? ಈ ಪ್ರಶ್ನೆಯನ್ನು ಇತರರಿಗಿಂತ ಮೊದಲು ಅವಳ ಶಿಷ್ಯೆಯಾದ ಅವಲೋಕಿತೆಯೇ ಎತ್ತುವಳು. ಚೀವರವನ್ನು ಹೊದ್ದು ಭಿಕ್ಷಾನ್ನದಿಂದ ಜೀವಿಸುವ ಇಂತಹ ಮಹಾತಾಯಿಯನ್ನು ಅಮಾತ್ಯನು ಈ ತೊಡಕಿನ ಕೆಲಸಕ್ಕೆ ತೊಡಗಿಸಿದನಲ್ಲ, ಸಂಸಾರವನ್ನು ತೊರೆದವಳು ಮತ್ತೆ ಅದರಲ್ಲಿ ಇಳಿದಳಲ್ಲ ಎಂದು ಅವಳಿಗೆ ವಿಸ್ಮಯ. ಶಿಷ್ಯೆಗೆ ತೋರಿದ ಸಂದೇಹವು ಊರಿಗೆ ತೋರದೆ ಇದ್ದೀತೆ? ಕಾಮಂದಕಿ ಸಿಡುಕುವುದಿಲ್ಲ, ನಾಚುವುದೂ ಇಲ್ಲ. ಇದು ಸ್ನೇಹದ ಫಲ, ನಂಬಿಕೆಯ ಫಲ; ಮಿತ್ರನ ಕಾರ್ಯಕ್ಕೆ ಪ್ರಾಣವನ್ನಾದರೂ ತಪಸ್ಸನ್ನಾದರೂ ಒಪ್ಪಿಸಲು ಸಿದ್ಧಳೆಂಬುದು ಅವಳ ಉತ್ತರದ ಸಾರ. ತಪಸ್ಸನ್ನಾದರೂ ಎಂಬುದನ್ನು ವಾಚಕರು ಗಮನಿಸಬೇಕು. ತನ್ನ ನಡತೆಯಿಂದ ವ್ರತಕ್ಕೆ ಕುಂದು ಬಂದೀತೆಂಬುದು ಅವಳಿಗೆ ತಿಳಿಯದ ಸಂಗತಿಯಲ್ಲ; ಅದನ್ನು ತಿಳಿದೇ ತೂಕಕ್ಕೆ ಇಟ್ಟಿರುವಳು.

ಅವಳ ಉಪಾಯಗಳು ಒಂದೆರಡಲ್ಲ. ಮಾಧವನು ನಿತ್ಯವೂ ಮಾಲತಿಯ ಮನೆಯ ಬೀದಿಯಲ್ಲಿ ಓಡಾಡುವಂತೆ ಮಾಡಿದಳು. ಶಂಕರಾಲಯದ ತೋಟದಲ್ಲಿ ಇಬ್ಬರೂ ಎದುರಾಗುವಂತೆ ಏರ್ಪಡಿಸಿದಳು. ನಂದನನೊಡನೆ ಮದುವೆ ನಿಶ್ಚಯವಾದ ದಿನ ನಗರದೇವತೆಯ ಗುಡಿಗೆ ವಧುವನ್ನು ಕರೆತರಿಸಿ, ಅವಳ ಉಡುಗೆಯನ್ನು ಮಾಧವನ ಮಿತ್ರ ಮಕರಂದನಿಗೆ ತೊಡಿಸಿ, ಗಡ್ಡಮೀಸೆಯ ವಯಸ್ಸಿನ ಆ ತರುಣನನ್ನೇ ಮದುವಣಗಿತ್ತಿಯಾಗಿ ನಂದನನ ಮನೆಗೆ ಕಳುಹಿಸಿದಳು. ಈ ಪ್ರಸಂಗದಲ್ಲಿ ನಗದೆ ಇರುವವನು ಬಹಳ ಗಂಭೀರನಾದ ಪಂಡಿತನೇ ಇರಬೇಕು.

ಹೊರನೋಟಕ್ಕೆ ಇದೆಲ್ಲವೂ ಕುಂಟಣಿಯ ಕೆಲಸವೇ. ಅದೇ ಗುಟ್ಟು, ಅದೇ ಓಡಾಟ, ಅದೇ ಮಾತಿನ ಜಾಣ್ಮೆ. ಭೇದವಿರುವುದು ಬೇರೆಡೆಯಲ್ಲಿ. ಕುಂಟಣಿಯು ಹೆಣ್ಣನ್ನು ಹಣವುಳ್ಳವನ ಕೈಗೆ ಕೊಡುವಳು. ಕಾಮಂದಕಿಯು ಅಧಿಕಾರವುಳ್ಳವನ ಕೈಯಿಂದ ಹೆಣ್ಣನ್ನು ಬಿಡಿಸಿಕೊಂಡು ಬರುವಳು. ಅವಳಿಗೆ ದೊರೆಯುವುದಾದರೂ ಏನು? ಪತ್ತೆಯಾದರೆ ರಾಜಕೋಪ, ಪತ್ತೆಯಾಗದಿದ್ದರೆ ಮತ್ತೆ ಅದೇ ಭಿಕ್ಷಾಪಾತ್ರೆ. ಇದಕ್ಕಿಂತ ಸೂಕ್ಷ್ಮವಾದ ಮತ್ತೊಂದು ಸಂಗತಿಯುಂಟು. ಎರಡನೆಯ ಅಂಕದಲ್ಲಿ ಅವಳು ಮಾಲತಿಗೆ ತಾವೇ ವರನನ್ನು ಆರಿಸಿಕೊಂಡ ಪೂರ್ವಕಾಲದ ಸ್ತ್ರೀಯರ ಕಥೆಗಳನ್ನು ಹೇಳುವಳು: ಶಕುಂತಲೆ ದುಷ್ಯಂತನನ್ನು ವರಿಸಿದುದು, ಊರ್ವಶಿ ಪುರೂರವನನ್ನು ಸೇರಿದುದು, ತಂದೆಯು ಬೇರೊಬ್ಬನಿಗೆ ಗೊತ್ತುಮಾಡಿದ್ದರೂ ವಾಸವದತ್ತೆ ಉದಯನನಿಗೆ ತನ್ನನ್ನು ಒಪ್ಪಿಸಿಕೊಂಡುದು. ಹೇಳಿ ಮುಗಿಸಿ, ಇವು ಸಾಹಸಗಳಾದುದರಿಂದ ಉಪದೇಶಿಸತಕ್ಕವಲ್ಲವೆಂದು ತಾನೇ ಹಿಂದೆ ಸರಿಯುವಳು. ಬಾಗಿಲನ್ನು ತೆರೆದು ತೋರಿಸಿದಳು, ಕೈಹಿಡಿದು ಎಳೆಯಲಿಲ್ಲ. ದಾಟುವ ಹೆಜ್ಜೆ ಮಾಲತಿಯದಾಗಬೇಕು. ಹಣ ತೆಗೆದುಕೊಂಡ ಹೆಂಗಸಿಗೆ ಇಷ್ಟು ಸಂಯಮವು ಎಂದಿಗೂ ಬರಲಾರದು.

ಬಸವಪ್ಪಶಾಸ್ತ್ರಿಗಳ ಲೇಖನಿಯೇ ಕನ್ನಡಕ್ಕೆ ತಂದ ಮತ್ತೊಬ್ಬ ವೃದ್ಧ ತಪಸ್ವಿನಿಯನ್ನು ಇವಳ ಪಕ್ಕದಲ್ಲಿ ನಿಲ್ಲಿಸಿ ನೋಡಬೇಕು. ಅವಳು ಶಾಕುಂತಲದ ಗೌತಮಿ. ಐದನೆಯ ಅಂಕದಲ್ಲಿ ಗರ್ಭಿಣಿಯಾದ ಶಕುಂತಲೆಯನ್ನು ಕರೆದುಕೊಂಡು ದುಷ್ಯಂತನ ಸಭೆಗೆ ಬಂದವರಲ್ಲಿ ಇವಳೇ ಹಿರಿಯ ಹೆಂಗಸು. ನೀನೂ ಬಂಧುಗಳನ್ನು ಕೇಳಲಿಲ್ಲ, ಇವಳೂ ಗುರುಜನರನ್ನು ಕೇಳಲಿಲ್ಲ, ಒಬ್ಬರಿಗೊಬ್ಬರು ನಡೆಸಿಕೊಂಡ ಕಾರ್ಯದಲ್ಲಿ ಇತರರು ಆಡುವುದೇನಿದೆ ಎಂಬ ಅಭಿಪ್ರಾಯವನ್ನು ಅರಸನ ಮುಂದಿಡುವಳು. ಗುರುತು ಸಿಕ್ಕಲೆಂದು ಶಕುಂತಲೆಯ ಮುಸುಕನ್ನು ತಾನೇ ಸರಿಸುವಳು. ಅರಸನು ಅರಿಯೆನೆಂದಮೇಲೆ ಶಾರ್ಙ್ಗರವನು ಆ ಹೆಣ್ಣನ್ನು ಗದರಿಸಿ ಅಲ್ಲಿಯೇ ಬಿಟ್ಟು ಹೊರಡುವನು. ಮಗಳು ಅಳುತ್ತ ಹಿಂದೆ ಬರುತ್ತಿರುವಳೆಂದು ಗೌತಮಿ ತಿರುಗಿ ನೋಡಿ ಮರುಗುವಳು. ಮರುಗಿ, ಹೊರಟುಹೋಗುವಳು. ಗೌತಮಿಯಲ್ಲಿ ದೋಷವಿಲ್ಲ. ಲೋಕವು ಹಿರಿಯಳಾದ ಹೆಂಗಸಿನಿಂದ ಏನನ್ನು ನಿರೀಕ್ಷಿಸುವುದೋ ಅದನ್ನೆಲ್ಲ ಅವಳು ನೆರವೇರಿಸಿದಳು: ಜೊತೆಗೆ ಬಂದಳು, ಮಿತವಾಗಿ ಆಡಿದಳು, ಗಂಡಸರು ಎದ್ದಾಗ ಎದ್ದಳು. ಆದಕಾರಣವೇ ಅವಳನ್ನು ಯಾರೂ ಎಂದೂ ನಿಂದಿಸಿಲ್ಲ; ಶಕುಂತಲೆ ಮಾತ್ರ ಸಭಾಮಧ್ಯದಲ್ಲಿ ಒಬ್ಬಳೇ ಉಳಿದಳು. ಕಾಮಂದಕಿಯ ಸರದಿ ಬಂದಾಗ ಅವಳು ಮಾಲತಿಯನ್ನು ಸಭೆಯವರೆಗೆ ಹೋಗಗೊಡಲಿಲ್ಲ. ಸಭೆಯ ನ್ಯಾಯ ಹೇಗಿರುವುದೆಂಬುದನ್ನು ಶಕುಂತಲೆಯ ಕಥೆ ಬಲ್ಲವಳು ಬೇರೆ ಕಲಿಯಬೇಕಾಗಿರಲಿಲ್ಲ.

ಶರಣಸಂಪ್ರದಾಯದಲ್ಲಿ ಬೆಳೆದವರಿಗೆ ಈ ವಿಷಯವು ಅಪರಿಚಿತವಲ್ಲ. ಅರಸು ಕೌಶಿಕನ ಇಚ್ಛೆಗೆ ತಲೆಬಾಗದ ಅಕ್ಕಮಹಾದೇವಿಯನ್ನೂ, ಮದುವೆಯನ್ನೇ ಒಲ್ಲೆನೆಂದು ಧೂಪದ ಕಾಯಕದಲ್ಲಿ ಕಾಲ ಕಳೆದ ಗೊಗ್ಗವ್ವೆಯನ್ನೂ ಲೋಕವು ಮೊದಲು ಅಳೆದದ್ದು ತನ್ನ ಹಳೆಯ ಮೊಳಗೋಲಿನಿಂದಲೇ. ಬೆಜ್ಜಮಹಾದೇವಿಯಂತೂ ಶಿವನಿಗೆ ತಾಯಿಯಿಲ್ಲವೆಂದು ಮರುಗಿ, ಲಿಂಗವನ್ನು ಶಿಶುವೆಂದು ಭಾವಿಸಿ, ಎಣ್ಣೆಯೊತ್ತಿ ನೀರೆರೆದು ಹಾಲೂಡಿಸಿದವಳು. ನೋಡಿದವರು ಹುಚ್ಚೆಂದಿದ್ದರೆ ಆಶ್ಚರ್ಯವಿಲ್ಲ. ಕೂಸು ಹಾಲೊಲ್ಲದಾಗ ಅವಳು ತಲೆ ಒಡೆದುಕೊಳ್ಳಲು ಸಿದ್ಧಳಾದಳು, ಶಿವನೇ ಬಂದು ತಾಯೆಂದು ಕರೆದನು ಎಂದು ಬಸವಪುರಾಣವು ಹೇಳುವುದು.

ವಿಚಿತ್ರವಾದ ಅಂಶವೊಂದನ್ನು ಇಲ್ಲಿ ಹೇಳದೆ ಬಿಡಲಾಗದು. ಮಾಲತೀಮಾಧವದಲ್ಲಿ ಕನ್ಯೆಯನ್ನು ಕಾಪಾಡುವವಳು ಬೌದ್ಧಳು. ಅವಳನ್ನು ಚಾಮುಂಡಿಗೆ ಬಲಿಕೊಡಲು ಎಳೆದೊಯ್ಯುವ ಅಘೋರಘಂಟನೂ ಅವನ ಶಿಷ್ಯೆ ಕಪಾಲಕುಂಡಲೆಯೂ ಶೈವವೇಷದ ಕಾಪಾಲಿಕರು. ಮತಾಭಿಮಾನವೊಂದೇ ಮುಖ್ಯವಾಗಿದ್ದ ಪಂಡಿತನಾಗಿದ್ದರೆ ಕನ್ನಡಿಸುವುದಕ್ಕೆ ಈ ನಾಟಕವನ್ನು ಆರಿಸಿಕೊಳ್ಳುತ್ತಿರಲಿಲ್ಲ. ವೇಷವು ಶಿವನದಾದ ಮಾತ್ರಕ್ಕೆ ನಡತೆಯು ಶಿವನದಾಗದೆಂಬುದು ಶರಣರ ಹಳೆಯ ಮಾತೇ ಆದುದರಿಂದ ಬಸವಪ್ಪಶಾಸ್ತ್ರಿಗಳಿಗೆ ಇದರಲ್ಲಿ ಸಂಕೋಚವೆನಿಸಲು ಕಾರಣವಿರಲಿಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಠದ ನೀಲಗಾರರು ಹಾಡುವ ಮಂಟೇಸ್ವಾಮಿಯ ಕಥೆಯೂ ಇದನ್ನೇ ಬೇರೊಂದು ರೀತಿಯಲ್ಲಿ ಸಾರುವುದು: ಹೊಲಸು ವೇಷದಿಂದ ಕಲ್ಯಾಣದ ಬಾಗಿಲಿಗೆ ಬಂದ ಸ್ವಾಮಿಯನ್ನು ಮಡಿಯುಟ್ಟ ವೇಷಧಾರಿಗಳು ಹೊರಗಟ್ಟಿದರು. ಮಾಲತಿಯನ್ನು ಕಪಾಲಕುಂಡಲೆಯು ಎರಡನೆಯ ಬಾರಿ ಕದ್ದೊಯ್ಯುವುದು ಶ್ರೀಪರ್ವತಕ್ಕೆ, ಎಂದರೆ ಅಲ್ಲಮ ಅಕ್ಕಮಹಾದೇವಿಯರ ಶ್ರೀಶೈಲಕ್ಕೆ. ಅಲ್ಲಿಯೇ ಯೋಗಸಿದ್ಧಿಯನ್ನು ಪಡೆದಿದ್ದ ಸೌದಾಮಿನಿ, ಕಾಮಂದಕಿಯ ಹಳೆಯ ಶಿಷ್ಯೆ, ಅವಳನ್ನು ಬಿಡಿಸಿ ತರುವಳು. ಗುರುವಾದ ಮುದುಕಿಯು ಅಷ್ಟರಲ್ಲಿ ಮಾಲತಿ ಸತ್ತಳೆಂದೇ ನಂಬಿ ಬೆಟ್ಟದಿಂದ ಬಿದ್ದು ಪ್ರಾಣಬಿಡಲು ನಿಂತಿದ್ದಳು. ತಾನು ಕೈಹಾಕಿದ ಕಾರ್ಯ ಕೆಟ್ಟರೆ ಅದರ ಫಲವನ್ನು ತಾನೇ ಉಣ್ಣಬೇಕೆಂದು ಹೊರಟವಳನ್ನು ಕುಂಟಣಿಯೆನ್ನುವ ನಾಲಗೆ ಯಾವುದು? ಕೊನೆಯಲ್ಲಿ ಅರಸನ ಸಮ್ಮತಿಪತ್ರವು ಬರುವುದು, ನಂದನನೂ ಒಪ್ಪುವನು. ಅರಸನಿಗೆ ಹೆದರಿ ಗುಟ್ಟಾಗಿ ಆರಂಭವಾದದ್ದು ಅರಸನ ಮುದ್ರೆಯೊಡನೆ ಮುಗಿಯುವುದು.

ಹೀಗೆ ಸಭೆಯಿಂದ ಹೊರಟುಹೋದ ಗೌತಮಿ, ಸಭೆಯನ್ನು ತಪ್ಪಿಸಿದ ಕಾಮಂದಕಿ, ಇವರಿಬ್ಬರೂ ಉತ್ತರದೇಶದ ಕವಿಗಳ ಸೃಷ್ಟಿ. ಸಭೆಯನ್ನೇ ನ್ಯಾಯಕ್ಕೆ ಎಳೆದು ನಿಲ್ಲಿಸಿದ ಹೆಂಗಸೊಬ್ಬಳನ್ನು ಮಳವಳ್ಳಿಯ ನೆಲವೇ ಹಡೆದಿದೆ. ಮಳವಳ್ಳಿ ತಾಲ್ಲೂಕಿನ ಧನಗೂರು ಷಡಕ್ಷರದೇವನ ಜನ್ಮಸ್ಥಳವೆಂಬುದು ಈ ಸೀಮೆಯ ಶಿಷ್ಯವರ್ಗಕ್ಕೆ ಹೆಮ್ಮೆಯ ವಿಷಯ. ಹದಿನೇಳನೆಯ ಶತಮಾನದ ನಡುವಿನಲ್ಲಿ ಆ ಮಹಾಕವಿಯು ರಚಿಸಿದ ರಾಜಶೇಖರವಿಳಾಸವು ಶ್ರವ್ಯಕಾವ್ಯವೇ ಹೊರತು ದೃಶ್ಯಕಾವ್ಯವಲ್ಲ. ಆದರೂ ಅದರ ತಿರುಕೊಳವಿನಾಚಿಯ ಪ್ರಕರಣದಲ್ಲಿರುವಷ್ಟು ನಾಟಕವು ಎಷ್ಟೋ ನಾಟಕಗಳಲ್ಲಿ ಇಲ್ಲ. ಕಥೆಯು ಹಳೆಯದು. ಗುಬ್ಬಿಯ ಮಲ್ಲಣಾರ್ಯನು 1513ರಲ್ಲಿಯೇ ಭಾವಚಿಂತಾರತ್ನದಲ್ಲಿ ಸತ್ಯೇಂದ್ರಚೋಳನ ಈ ಕಥೆಯನ್ನು ಹೇಳಿದ್ದನು. ತಮಿಳುನಾಡಿನ ತಿರುವಾರೂರಿನಲ್ಲಿ ಕರುವನ್ನು ಕಳೆದುಕೊಂಡ ಹಸುವಿಗೆ ಮನುಚೋಳನು ನ್ಯಾಯವಿತ್ತ ಕಥೆಯೂ ಇದರ ನೆಂಟನೇ. ಅಲ್ಲಿ ಹಸುವು ಅರಮನೆಯ ಗಂಟೆಯನ್ನು ಎಳೆದು ಮೂಕವಾಗಿ ನಿಲ್ಲುವುದು. ಇಲ್ಲಿ ಹೆತ್ತ ತಾಯಿಯು ಬಾಯಿ ತೆರೆದು ಕೇಳುವಳು.

ರಾಜಪುತ್ರನೂ ಅವನ ಗೆಳೆಯನೂ ಕುದುರೆಗಳನ್ನು ಓಡಿಸುವಾಗ ಬೀದಿಯಲ್ಲಿದ್ದ ಶಂಕರನೆಂಬ ಬಾಲಕನು ಗೊರಸಿಗೆ ಸಿಕ್ಕಿ ಮಡಿದನು. ತಾಯಿ ತಿರುಕೊಳವಿನಾಚಿಯು ಆ ಎಳೆಯ ದೇಹದ ಮೇಲೆ ಬಿದ್ದು ಹೊರಳಿದ ಶೋಕವನ್ನು ಷಡಕ್ಷರಿಯು ವರ್ಣಿಸಿರುವ ಪದ್ಯಗಳು ಕನ್ನಡದ ಕರುಣರಸಕ್ಕೆ ಕಳಸವೆಂದು ವಿದ್ವಾಂಸರೆಲ್ಲ ಒಪ್ಪಿರುವರು. ಪಾಠಶಾಲೆಗಳಲ್ಲಿ ಅವನ್ನು ಬಾಯಿಪಾಠ ಮಾಡಿದವರಿಗೆ ಕಣ್ಣೊದ್ದೆಯಾಗದೆ ಇರಲಿಲ್ಲ. ಎಲ್ಲರೂ ಶೋಕವನ್ನು ಕೊಂಡಾಡಿ ಅಲ್ಲಿಗೇ ನಿಲ್ಲಿಸಿಬಿಡುವುದು ಮಾತ್ರ ಸರಿಯಲ್ಲ. ಅವಳು ಅತ್ತು ಸುಮ್ಮನಾಗಲಿಲ್ಲ, ನ್ಯಾಯವನ್ನು ಬೇಡಿದಳು. ಬೀದಿಯ ಹೆಂಗಸೊಬ್ಬಳು ಸಿಂಹಾಸನದ ಎದುರಿಗೆ ದೂರು ತರುವುದೆಂದರೇನು, ಅದೂ ಪಟ್ಟಕ್ಕೆ ಬರಬೇಕಾದ ಕುಮಾರನ ಮೇಲೆ! ಸತ್ಯೇಂದ್ರಚೋಳನು ಹೆಸರಿಗೆ ತಕ್ಕಂತೆ ನಡೆದು ಸ್ವಪುತ್ರನಿಗೇ ಮರಣದಂಡನೆಯನ್ನು ವಿಧಿಸಿದನು. ಅರಮನೆ ಶ್ಮಶಾನಸದೃಶವಾಯಿತು. ಅಂತ್ಯದಲ್ಲಿ ಪರಮೇಶ್ವರನು ಪ್ರತ್ಯಕ್ಷನಾಗಿ ಮಡಿದವರನ್ನು ಬದುಕಿಸುವನು. ಕಾವ್ಯವನ್ನು ಕೇಳುವವರಲ್ಲಿ ಕೆಲವರ ಮನಸ್ಸು ಈ ತಾಯಿಯ ಮೇಲೆ ಕಠಿಣವಾಗುವುದುಂಟು: ಒಂದು ಜೀವ ಹೋದಮೇಲೆ ಮತ್ತೊಂದನ್ನು ಕೇಳಬಹುದೇ, ಹೆಂಗಸಿಗೆ ಕ್ಷಮೆಯೇ ಭೂಷಣವಲ್ಲವೇ ಎನ್ನುವರು. ಷಡಕ್ಷರಿಯು ಹಾಗೆನ್ನಲಿಲ್ಲ. ತನ್ನ ಕಾವ್ಯದ ಅತ್ಯುತ್ತಮವಾದ ಪದ್ಯಗಳನ್ನು ರಾಜಶೇಖರನಿಗಾಗಲಿ ತಿಲಕವತಿಗಾಗಲಿ ಕೊಡದೆ ಈ ಬೀದಿಯ ತಾಯಿಗೆ ಕೊಟ್ಟನು. ಗುರುಪೀಠದ ಪರಂಪರೆಗೆ ಸೇರಿದ ಕವಿಯು ಕೊಟ್ಟ ತೀರ್ಪು ಅದು.

ಇಂತಹ ಪಾತ್ರಗಳನ್ನು ಧರಿಸಿದವರು ಯಾರೆಂಬುದನ್ನೂ ಸ್ವಲ್ಪ ವಿಚಾರಿಸಬೇಕು. ಭವಭೂತಿಯ ಪ್ರಸ್ತಾವನೆಯ ಪ್ರಕಾರ ಕಾಮಂದಕಿಯ ವೇಷವನ್ನು ಧರಿಸುವವನು ಸ್ವತಃ ಸೂತ್ರಧಾರನೇ. ನಾಟಕವನ್ನು ಹೊರಗಿನಿಂದ ನಡೆಸುವವನು ಒಳಗಿನಿಂದ ನಡೆಸುವವಳ ಕಾಷಾಯವನ್ನು ಉಡುವನು. ಔಚಿತ್ಯದಲ್ಲಿ ಇದನ್ನು ಮೀರಿಸುವಂತಹದು ಅಪೂರ್ವ. ಮೈಸೂರಿನಲ್ಲಿ ಸಹ ಆ ಮೊದಲ ದಿನಗಳಲ್ಲಿ ಸ್ತ್ರೀಪಾತ್ರಗಳನ್ನು ಪುರುಷರೇ ಧರಿಸುತ್ತಿದ್ದರು. ಗಂಡಸು ಹೆಣ್ಣಿನ ವೇಷ ಹಾಕಿದರೆ ಅದು ಕಲೆಯೆನಿಸಿತು. ಹೆಣ್ಣೇ ಹೆಣ್ಣಿನ ವೇಷ ಹಾಕಿದಾಗ ಅದು ಅಪವಾದವಾಯಿತು! 1884ರಲ್ಲಿ ಆರಂಭವಾದ ಗುಬ್ಬಿ ಕಂಪೆನಿಯು ವೀರಣ್ಣನವರ ಒಡೆತನದಲ್ಲಿ ಸ್ತ್ರೀಯರಿಂದಲೇ ಸ್ತ್ರೀಪಾತ್ರಗಳನ್ನು ಮಾಡಿಸಿ ಪ್ರಖ್ಯಾತವಾಯಿತು. ಹುಟ್ಟೂರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಧರಿಸಿಯೇ ರಂಗಭೂಮಿಯಲ್ಲಿ ಹೆಸರಾದ ಮಳವಳ್ಳಿ ಸುಂದರಮ್ಮನವರು ಆ ಪೀಳಿಗೆಯ ನಟಿಯರಲ್ಲಿ ಒಬ್ಬರು. ಅವರ ಗಾನಕ್ಕೆ ಕೈತಟ್ಟಿದವರೇ ಮನೆಗೆ ಹೋಗಿ ನಾಟಕದವಳೆಂದು ಮೂಗು ಮುರಿಯುತ್ತಿದ್ದ ಕಾಲವದು.

ಈ ಅಪವಾದಕ್ಕೆ ಎಲ್ಲರಿಗಿಂತ ದಿಟ್ಟವಾದ ಉತ್ತರವನ್ನು ಕೊಟ್ಟವರು ಆರ್. ನಾಗರತ್ನಮ್ಮನವರು. 1926ರಲ್ಲಿ ಮೈಸೂರಿನಲ್ಲಿ ಜನಿಸಿದ ಇವರು 1958ರಲ್ಲಿ ಸ್ತ್ರೀಯರದೇ ಆದ ನಾಟಕ ಮಂಡಳಿಯನ್ನು ಕಟ್ಟಿದರು. ಅದರಲ್ಲಿ ಪುರುಷಪಾತ್ರಗಳನ್ನೂ ಸ್ತ್ರೀಯರೇ ಧರಿಸಿದರು. ನಾಗರತ್ನಮ್ಮನವರು ಕಂಸನಾಗಿ, ದುರ್ಯೋಧನನಾಗಿ, ಮೀಸೆ ತಿರುವಿ ಗದೆ ಬೀಸಿ, ಗಂಡು ಪಾತ್ರಧಾರಿಗಳೇ ಬೆರಗಾಗುವಂತೆ ಗರ್ಜಿಸಿದರು. ನೂರಾರು ವರ್ಷ ಗಂಡಸರು ಸೀರೆಯುಟ್ಟಿದ್ದನ್ನು ಸಹಿಸಿದ ಪ್ರೇಕ್ಷಕರಿಗೆ ಹೆಂಗಸರು ಕಿರೀಟವಿಟ್ಟುದನ್ನು ಸಹಿಸಲು ಕೆಲವು ಕಾಲ ಹಿಡಿಯಿತು. 2012ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಬಂದಾಗ ವಯಸ್ಸು ಎಂಬತ್ತನ್ನು ಮೀರಿತ್ತು. ಅದೇ ವರ್ಷ ಅವರು ಕಾಲವಾದರು.

ಕಂಪೆನಿಗಳ ನಾಟಕವು ಹಳ್ಳಿಗಳನ್ನು ಮುಟ್ಟಿದ ದಾರಿಯು ಬಹುಮಟ್ಟಿಗೆ ರೈಲಿನ ದಾರಿಯೇ. ಅರಮನೆಯಲ್ಲಿ ನಾಟಕ ಸಭೆ ಹುಟ್ಟಿದ ದಿನಗಳಲ್ಲಿಯೇ, 1882ರ ಹೊತ್ತಿಗೆ, ಬೆಂಗಳೂರು ಮೈಸೂರುಗಳ ನಡುವಣ ರೈಲುಮಾರ್ಗವು ಪೂರ್ತಿಯಾಗಿ ಮದ್ದೂರು, ಮಂಡ್ಯಗಳು ಅದರ ಮೇಲಣ ನಿಲ್ದಾಣಗಳಾದುವು. ಮಳವಳ್ಳಿಗೆ ರೈಲು ಬರಲಿಲ್ಲ. ಪರದೆಗಳ ಸುರುಳಿಯೂ ಪೆಟ್ಟಿಗೆಗಳೂ ಅಲ್ಲಿಗೆ ಹೋಗಬೇಕಾದರೆ ರಸ್ತೆಯೇ ಗತಿ. ಕನ್ನಂಬಾಡಿಯ ಕಟ್ಟೆಯ ನೀರು ನಾಲೆಯಲ್ಲಿ ಹರಿದು, 1933ರಲ್ಲಿ ಮಂಡ್ಯದ ಸಕ್ಕರೆ ಕಂಪೆನಿ ಸ್ಥಾಪಿತವಾಗಿ, 1939ರಲ್ಲಿ ಮಂಡ್ಯವು ಪ್ರತ್ಯೇಕ ಜಿಲ್ಲೆಯಾದ ಆ ದಶಕದಲ್ಲಿಯೇ, 1934ರಲ್ಲಿ, ಗುಬ್ಬಿ ಕಂಪೆನಿಯು ಆನೆ ಕುದುರೆಗಳನ್ನು ರಂಗದ ಮೇಲೆ ತಂದು ಕುರುಕ್ಷೇತ್ರವನ್ನು ಆಡಿತು. ನೀರು, ಕಬ್ಬು, ಕುರುಕ್ಷೇತ್ರ, ಈ ಮೂರೂ ಮಂಡ್ಯದ ರೈತನ ಮನೆಗೆ ಹೆಚ್ಚುಕಡಿಮೆ ಒಟ್ಟಿಗೇ ಬಂದುವೆಂದರೆ ಉತ್ಪ್ರೇಕ್ಷೆಯಾಗದು.

ಹಳ್ಳಿಯ ನಾಟಕದ ಏರ್ಪಾಡು ಕಂಪೆನಿಯದರಂತಲ್ಲ. ಇಲ್ಲಿ ಪಾತ್ರ ಹಾಕುವವನೇ ಹಣ ಕೊಡುವನು. ಕೃಷ್ಣ, ದುರ್ಯೋಧನ, ಕರ್ಣರಿಗೆ ಊರಿನವರೇ. ದ್ರೌಪದಿ, ಕುಂತಿ, ಉತ್ತರೆಯರ ಪಾತ್ರಗಳಿಗೆ ಮಾತ್ರ ಹೊರಗಿನಿಂದ ನಟಿಯರನ್ನು ಹಣಕೊಟ್ಟು ಕರೆಸುವರು. ಊರಿನ ಗಂಡಸರು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ ಪಾತ್ರದ ಎದುರಿಗೆ ಈ ಹೆಂಗಸರು ಒಂದೆರಡು ದಿನಗಳಲ್ಲಿ ಬಂದು ನಿಂತು, ಮಾತು ತಪ್ಪಿದವನಿಗೆ ಎತ್ತಿಕೊಟ್ಟು, ಶ್ರುತಿ ಬಿಟ್ಟವನನ್ನು ಹಾಡಿನಲ್ಲಿ ಹಿಡಿದೆತ್ತಿ, ನಾಟಕವನ್ನು ದಡ ಸೇರಿಸುವರು. ಪ್ರಾಯ ಕಳೆದ ನಟಿಗೆ ದ್ರೌಪದಿಯ ಪಾತ್ರ ತಪ್ಪಿ ಕುಂತಿಯ ಪಾತ್ರವು ಬರುವುದು. ಸಂಭಾವನೆಯೂ ಅದಕ್ಕೆ ತಕ್ಕಂತೆ ಇಳಿಯುವುದುಂಟು. ಆದರೆ ಸನ್ನಿವೇಶವು ಇಳಿಯದು.

ಕುರುಕ್ಷೇತ್ರವನ್ನು ನೋಡುವ ಜನರು ರಾತ್ರಿಯ ಮಧ್ಯದಲ್ಲಿ ಎದ್ದು ಹೋಗಿ ಬರುವುದುಂಟು, ಕಡಲೆಕಾಯಿ ತಿನ್ನುವುದುಂಟು, ಕುಳಿತಲ್ಲಿಯೇ ನಿದ್ರಿಸುವುದುಂಟು. ಕರ್ಣನನ್ನು ಹುಡುಕಿಕೊಂಡು ಕುಂತಿಯು ನದಿಯ ತೀರಕ್ಕೆ ಬರುವಾಗ ಮಲಗಿದ್ದವರನ್ನು ಪಕ್ಕದವರು ಎಬ್ಬಿಸುವರು. ಬಂದಿರುವವಳು ಪಾಂಡುವಿನ ವಿಧವೆ, ಐವರು ವೀರರ ತಾಯಿ, ಕುರುಕುಲದ ಹಿರಿಯ ಸೊಸೆ. ಒಂದು ಆಯುಷ್ಯವೆಲ್ಲ ಬಚ್ಚಿಟ್ಟದ್ದನ್ನು, ಕನ್ಯೆಯಾಗಿದ್ದಾಗ ಹೆತ್ತು ಹೊಳೆಯಲ್ಲಿ ಬಿಟ್ಟದ್ದನ್ನು, ತನ್ನ ಬಾಯಿಂದಲೇ ಆ ಮಗನಿಗೆ ಹೇಳಬೇಕು. ಕರ್ಣನ ಪಾತ್ರಧಾರಿಯು ಇದೇ ಊರಿನವನು. ಅವನ ತಾಯಿ, ಹೆಂಡತಿ, ನೆಂಟರಿಷ್ಟರು ಚಾಪೆಯ ಮೇಲೆ ಮುಂದೆ ಕುಳಿತಿರುವರು. ಎದುರಿಗೆ ನಿಂತ ನಟಿಯು ಪರಸ್ಥಳದವಳು, ಹಗಲಿನಲ್ಲಿ ಅವಳನ್ನು ಕಂಡು ಪಿಸುಗುಟ್ಟಿದ ಹೆಂಗಸರು ಆ ಗುಂಪಿನಲ್ಲಿಯೇ ಇರುವರು. ಹಾರ್ಮೋನಿಯಂ ಮೇಷ್ಟರು ಸ್ವರವನ್ನು ತಗ್ಗಿಸುವರು. ಅವಳು ಸೆರಗನ್ನು ಹೆಗಲ ಮೇಲೆ ಎಳೆದುಕೊಂಡು ಮಗನೇ ಎಂದು ಕರೆಯುವಳು, ಪಿಸುಗುಟ್ಟಿದ್ದವರು ಕಣ್ಣೊರಸಿಕೊಳ್ಳುವರು.